ಹೀಟರ್ ಕೊಂಡರೆ ಮನೆ ಬೆಚ್ಚಗಾಗದು

ಕಡಿಮೆ ಖರ್ಚಿನಲ್ಲಿ ಮನೆಯನ್ನು ಬೆಚ್ಚಗಿಡುವುದೆಂದರೆ ಕಡಿಮೆ ಕರೆಂಟ್ ತಿನ್ನುವ ಹೀಟರ್ ಹುಡುಕುವುದು ಎಂಬ ನಂಬಿಕೆ ಉತ್ತರ ಭಾರತದ ಬಯಲಿನಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದೆ. ಬೀದರ್, ಬೆಂಗಳೂರುಗಳಿಗೂ ಇಳಿದಿದೆ. ಡಿಸೆಂಬರ್ ಹುಟ್ಟಿತೆಂದರೆ ಅಂಗಡಿಯವನ ಮುಂದೆ ಬೀಳುವ ಪ್ರಶ್ನೆ ಒಂದೇ: ಕಾಯಿಲಿನದೋ, ಫ್ಯಾನಿನದೋ, ಎಣ್ಣೆಯದೋ? ಅಂಗಡಿಯವನು ಎಣ್ಣೆಯದರತ್ತ ಕೈ ತೋರಿಸುತ್ತಾನೆ, ಏಕೆಂದರೆ ಅದರ ಬೆಲೆ ಹೆಚ್ಚು. ಕೊಳ್ಳುವವನೂ ಒಪ್ಪುತ್ತಾನೆ, ಏಕೆಂದರೆ ಈಗ ಹೆಚ್ಚು ಕೊಟ್ಟರೆ ಬಿಲ್ಲಿನಲ್ಲಿ ಉಳಿಯುತ್ತದೆಂಬ ಭರವಸೆ. ಜನವರಿಯ ಬಿಲ್ ಬಂದಾಗ ಇಬ್ಬರ ತರ್ಕವೂ ಬಿದ್ದುಹೋಗಿರುತ್ತದೆ. ಚಳಿಯ ಲೆಕ್ಕವನ್ನು ಯಂತ್ರದಿಂದ ಶುರುಮಾಡಿದ್ದೇ ತಪ್ಪು. ಅದು ಶುರುವಾಗಬೇಕಾದದ್ದು ಚಾವಣಿಯಿಂದ.

ಮೊದಲು ಯಂತ್ರದ ಮಾತನ್ನೇ ಮುಗಿಸಬಹುದು. ಕರೆಂಟನ್ನು ತಂತಿಯಲ್ಲಿ ಹರಿಸಿ ಕಾಯಿಸುವ ಯಾವ ಹೀಟರೇ ಇರಲಿ, ಒಂದು ಯೂನಿಟ್ ವಿದ್ಯುತ್ತಿಗೆ ಅದು ಕೊಡುವುದು ಸುಮಾರು 860 ಕಿಲೊಕ್ಯಾಲರಿ ಶಾಖ. ಫುಟ್‌ಪಾತಿನಲ್ಲಿ ಮಾರುವ ಕಾಯಿಲ್ ಹೀಟರ್ ಕೊಡುವುದೂ ಅಷ್ಟೇ, ಹದಿಮೂರು ರೆಕ್ಕೆಗಳ ಎಣ್ಣೆ ಹೀಟರ್ ಕೊಡುವುದೂ ಅಷ್ಟೇ. ಒಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುವುದರಿಂದ ಇಲ್ಲಿ ಜಾಣ ಯಂತ್ರ, ದಡ್ಡ ಯಂತ್ರ ಎಂಬ ಭೇದಕ್ಕೆ ಜಾಗವಿಲ್ಲ. ಎಣ್ಣೆ ಹೀಟರ್ ಆರಿಸಿದ ಮೇಲೂ ಅರ್ಧ ಗಂಟೆ ಬಿಸಿ ಇರುತ್ತದೆ, ಆದ್ದರಿಂದ ಉಳಿತಾಯ ಎನ್ನುವವರಿದ್ದಾರೆ. ಆ ಬಿಸಿಗೆ ಹಣ ಮೊದಲೇ ಸಂದಿದೆ: ಹಾಕಿದ ಮೊದಲ ಇಪ್ಪತ್ತು ನಿಮಿಷ ಕೋಣೆ ತಣ್ಣಗೇ ಇದ್ದದ್ದು ಎಣ್ಣೆ ಕಾಯುತ್ತಿದ್ದುದರಿಂದ. ಥರ್ಮೋಸ್ಟಾಟ್ ತಾನಾಗಿ ಆರಿಸುತ್ತದೆ ಎಂಬುದು ನಿಜವೇ. ಆದರೆ ಅದೇ ಥರ್ಮೋಸ್ಟಾಟ್ ಫ್ಯಾನ್ ಹೀಟರಿನಲ್ಲಿದ್ದರೆ ಅದೂ ಅಷ್ಟೇ ಉಳಿಸುತ್ತದೆ. ಎಣ್ಣೆಯದರ ನಿಜವಾದ ಗುಣ ಬೇರೆ. ಕೆಂಪಗೆ ಕಾದ ತಂತಿ ಹೊರಗೆ ಕಾಣುವುದಿಲ್ಲ, ಸದ್ದಿಲ್ಲ, ಮಕ್ಕಳಿರುವ ಮನೆಗೆ ಹೆಚ್ಚು ಸುರಕ್ಷಿತ. ಅದಕ್ಕಾಗಿ ಕೊಳ್ಳುವುದು ಸರಿ. ಬಿಲ್ ಇಳಿಯುತ್ತದೆಂದು ಕೊಳ್ಳುವುದು ಮೋಸಹೋಗುವುದು.

ಹೀಟರ್ ಕೋಣೆಯ ಆಮ್ಲಜನಕವನ್ನು ಸುಡುತ್ತದೆ, ಪಕ್ಕದಲ್ಲೊಂದು ಬಟ್ಟಲು ನೀರಿಡಬೇಕು ಎಂಬ ಮಾತೂ ಇದರ ಜೊತೆಗೇ ಓಡಾಡುತ್ತದೆ. ವಿದ್ಯುತ್ ಹೀಟರಿನಲ್ಲಿ ಏನೂ ಉರಿಯುವುದಿಲ್ಲ. ಗಾಳಿ ಕಾದಾಗ ಅದರ ಸಾಪೇಕ್ಷ ತೇವಾಂಶ ಇಳಿಯುವುದರಿಂದ ಗಂಟಲೊಣಗುತ್ತದೆ, ಅಷ್ಟೇ.

ಹಾಗಾದರೆ ಶಾಖವೆಲ್ಲ ಎಲ್ಲಿಗೆ ಹೋಗುತ್ತದೆ? ಹನ್ನೆರಡಕ್ಕೆ ಹನ್ನೆರಡು ಅಡಿಯ, ಹತ್ತಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಂಡರೆ ಉತ್ತರ ಸಿಗುತ್ತದೆ. ಅದರೊಳಗೆ ಸುಮಾರು 40 ಘನ ಮೀಟರ್ ಗಾಳಿ. ಆ ಗಾಳಿಯನ್ನು 10 ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ವಿದ್ಯುತ್ ಒಂದು ಯೂನಿಟ್ಟಿನ ಏಳನೇ ಒಂದು ಭಾಗ. ಎರಡು ಸಾವಿರ ವಾಟಿನ ಹೀಟರಿಗೆ ಅದು ನಾಲ್ಕೇ ನಿಮಿಷದ ಕೆಲಸ. ನಿಜಜೀವನದಲ್ಲಿ ನಾಲ್ಕು ನಿಮಿಷಕ್ಕೆ ಯಾರೂ ಸ್ವೆಟರ್ ಕಳಚುವುದಿಲ್ಲ. ಒಂದು ಗಂಟೆಯಾದರೂ ಪಾದ ತಣ್ಣಗೇ ಇರುತ್ತದೆ. ಕಾರಣ ಗೋಡೆ. ಇದೇ ಕೋಣೆಯ ಎರಡು ಹೊರಗೋಡೆಗಳು ಒಂಬತ್ತಿಂಚಿನ ಇಟ್ಟಿಗೆಯವಾದರೆ ಅವುಗಳ ತೂಕ ಎಂಟು ಟನ್ನಿಗೂ ಹೆಚ್ಚು, ಅವನ್ನು ಒಂದೇ ಒಂದು ಡಿಗ್ರಿ ಬಿಸಿಮಾಡಲು ಬೇಕಾದದ್ದು ಎರಡು ಯೂನಿಟ್. ಹೀಟರ್ ಕಾಯಿಸುವುದು ಗಾಳಿಯನ್ನೆಂದು ಮನೆಯವರು ತಿಳಿದಿರುತ್ತಾರೆ. ಅದು ಕಾಯಿಸುತ್ತಿರುವುದು ಇಟ್ಟಿಗೆಯನ್ನು, ಇಟ್ಟಿಗೆಯ ಆಚೆಗಿನ ಬೀದಿಯನ್ನು.

ಬೀದಿಗೆ ಸೋರುವ ಶಾಖಕ್ಕೂ ಸ್ಥೂಲವಾದ ಲೆಕ್ಕವಿದೆ. ಒಳಗೆ 20 ಡಿಗ್ರಿ, ಹೊರಗೆ 8 ಡಿಗ್ರಿ, ಕೋಣೆ ಮೇಲಂತಸ್ತಿನದು ಎಂದಿಟ್ಟುಕೊಂಡರೆ ಎರಡು ಗೋಡೆಗಳಿಂದ 500 ವಾಟಿನಷ್ಟು ಹೊರಹೋಗುತ್ತದೆ. ಒಂಟಿ ಗಾಜಿನ ಕಿಟಕಿಯಿಂದ 120. ಬಾಗಿಲು ಕಿಟಕಿಗಳ ಸಂದಿನಲ್ಲಿ ನುಗ್ಗುವ ತಣ್ಣನೆ ಗಾಳಿಯ ಪಾಲು 240. ಬರಿಯ ಕಾಂಕ್ರೀಟ್ ಚಾವಣಿಯೊಂದರಿಂದಲೇ 530. ಒಟ್ಟು ಸುಮಾರು 1,400 ವಾಟ್. ನಡುವಿನ ಅಂತಸ್ತಿನಲ್ಲಿ ಇದೇ ಅಳತೆಯ ಕೋಣೆಗೆ ಚಾವಣಿಯ ಪಾಲು ಇಲ್ಲ, ಏಕೆಂದರೆ ಮೇಲೆ ಇನ್ನೊಬ್ಬರ ಮನೆ. ಬೆಚ್ಚಗಿನ ಮನೆ ಬೇಕಾದವನು ಹೀಟರ್ ಆರಿಸುವುದಕ್ಕಿಂತ ಅಂತಸ್ತು ಆರಿಸುವುದು ಲಾಭ ಎಂಬುದು ಈ ಒಂದು ಸಾಲಿನಲ್ಲೇ ಸಿದ್ಧವಾಗುತ್ತದೆ.

ಆದರೆ ಅಂತಸ್ತು ಆರಿಸುವ ಭಾಗ್ಯ ಎಲ್ಲರಿಗಿಲ್ಲ. ದೆಹಲಿಯಲ್ಲಿ ತಾರಸಿಯ ಮೇಲೆ ಕಟ್ಟಿದ ಒಂಟಿ ಕೋಣೆಗೆ ಬರ್ಸಾತಿ ಎನ್ನುತ್ತಾರೆ. ಸುತ್ತ ನಾಲ್ಕೂ ಕಡೆ ಬಯಲು, ತಲೆಯ ಮೇಲೆ ನಾಲ್ಕಿಂಚಿನ ಸ್ಲ್ಯಾಬು, ಮೆಟ್ಟಿಲಿಗೆ ತೆರೆಯುವ ತಗಡಿನ ಬಾಗಿಲು. ಬಾಡಿಗೆ ಕಡಿಮೆಯೆಂದು ಅಲ್ಲಿ ಸೇರುವವರು ವಿದ್ಯಾರ್ಥಿಗಳು, ಸಣ್ಣ ನೌಕರರು. ಮುಖರ್ಜಿ ನಗರಕ್ಕೋ ರಾಜೇಂದ್ರ ನಗರಕ್ಕೋ ಐಎಎಸ್ ಕನಸು ಹೊತ್ತು ಹೋಗುವ ಕರ್ನಾಟಕದ ಹುಡುಗರಲ್ಲೂ ಹಲವರು ಇಂಥ ಕೋಣೆಗಳಲ್ಲೇ ಇರುತ್ತಾರೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ಅವರು ಜನವರಿಯಲ್ಲಿ ವಿದ್ಯುತ್ ಕಂಪನಿಗೆ ಕಟ್ಟುತ್ತಾರೆ, ಮೇ ತಿಂಗಳಲ್ಲಿ ಕೂಲರಿಗೆ ಕಟ್ಟುತ್ತಾರೆ. ಎರಡೂ ಕಾಲಕ್ಕೆ ಕಾರಣ ಅದೇ ಸ್ಲ್ಯಾಬು. ಅಂಥವರಿಗೆ ಇನ್ನೂ ದೊಡ್ಡ ಹೀಟರ್ ಮಾರುವುದು ತೂತು ಮಡಕೆಗೆ ದೊಡ್ಡ ತಂಬಿಗೆ ಮಾರಿದಂತೆ.

ಸೋರಿಕೆಯನ್ನು ಕಟ್ಟುವುದು ಯಂತ್ರ ಕೊಳ್ಳುವುದಕ್ಕಿಂತ ಅಗ್ಗ. ಬಾಗಿಲ ಕೆಳಗಿನ ಒಂದೇ ಸೆಂಟಿಮೀಟರ್ ಸಂದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಾಗಿಲಿನ ಅಗಲ 90 ಸೆಂಟಿಮೀಟರ್ ಇದ್ದರೆ ಆ ಸಂದಿನ ವಿಸ್ತಾರ 90 ಚದರ ಸೆಂಟಿಮೀಟರ್. ಗೋಡೆಯಲ್ಲಿ ಮುಷ್ಟಿ ತೂರುವಷ್ಟು ತೂತು ಕೊರೆದಿದ್ದರೆ ಯಾವ ಗೃಹಸ್ಥನೂ ಅದನ್ನು ಒಂದು ರಾತ್ರಿ ಹಾಗೇ ಬಿಡುತ್ತಿರಲಿಲ್ಲ. ಹಳೆಯ ಸೀರೆಯನ್ನು ಸುತ್ತಿ, ಒಳಗೆ ಮರಳು ತುಂಬಿ ಬಾಗಿಲ ಬುಡಕ್ಕೆ ಒತ್ತಿದರೆ ಅದು ಮುಚ್ಚುತ್ತದೆ. ಕಿಟಕಿಯ ಚೌಕಟ್ಟಿಗೆ ಅಂಟಿಸುವ ಫೋಮ್ ಪಟ್ಟಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ದಪ್ಪ ಪರದೆ ನೆಲ ಮುಟ್ಟುವಂತೆ, ಗೋಡೆಗೆ ಒತ್ತಿಕೊಳ್ಳುವಂತೆ ಇರಬೇಕು. ಕಿಟಕಿಯ ಅರ್ಧಕ್ಕೆ ತೂಗುವ ಅಲಂಕಾರದ ಪರದೆಯ ಹಿಂದೆ ತಣ್ಣಗಾದ ಗಾಳಿ ಕೆಳಗಿನಿಂದ ಜಾರಿ ನೆಲಕ್ಕೆ ಹರಡುತ್ತದೆ. ಪಾದ ಕೊರೆಯುವುದು ಅದಕ್ಕೇ.

ಚಾವಣಿಯ ಮದ್ದು ಸ್ವಲ್ಪ ದೊಡ್ಡದು, ಫಲವೂ ದೊಡ್ಡದು. ತಾರಸಿಯ ಮೇಲೆ ಐದು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಹಲಗೆ ಹಾಸಿ, ನೀರು ಇಳಿಯದಂತೆ ಮಾಡಿ, ಮೇಲೆ ಗಾರೆಯೋ ಹೆಂಚೋ ಹಾಕಿದರೆ ಸ್ಲ್ಯಾಬಿನಿಂದ ಸೋರುವ ಶಾಖ ಹೆಚ್ಚುಕಡಿಮೆ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಿನ ಲೆಕ್ಕದ 530 ವಾಟ್ ನೂರರ ಒಳಗೆ ಬರುತ್ತದೆ. ಸಂದುಗಳನ್ನು ಅರ್ಧದಷ್ಟು ಮುಚ್ಚಿ, ಪರದೆಯನ್ನೂ ಕಟ್ಟಿದರೆ ಒಟ್ಟು ಸೋರಿಕೆ 1,400ರಿಂದ 800 ವಾಟಿನ ಆಸುಪಾಸಿಗೆ ಇಳಿದೀತು. ದಿನಕ್ಕೆ ಆರು ಗಂಟೆಯ ಬಳಕೆಗೆ ಮೂರೂವರೆ ಯೂನಿಟ್ ಉಳಿಯಿತು. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 800 ರೂಪಾಯಿಗೂ ಮೇಲೆ. ಎಣ್ಣೆ ಹೀಟರಿಗೆ ಬದಲಿಸಿದವನಿಗೆ ಇದರಲ್ಲಿ ಒಂದು ರೂಪಾಯಿಯೂ ಉಳಿದಿರುವುದಿಲ್ಲ. ಬೇಸಿಗೆಯಲ್ಲಿ ಅದೇ ಹಲಗೆ ಬಿಸಿಲನ್ನು ಹೊರಗೇ ತಡೆಯುತ್ತದೆ ಎಂಬುದನ್ನು ಸೇರಿಸಿದರೆ ಲೆಕ್ಕ ಇನ್ನೂ ಏಕಪಕ್ಷೀಯವಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಣೆ ಗೊತ್ತಿರುವಂಥದೇ: ಬಾಡಿಗೆ ಮನೆಯ ಚಾವಣಿಗೆ ಬಾಡಿಗೆದಾರ ಏಕೆ ದುಡ್ಡು ಹಾಕಬೇಕು? ಹಾಕಬೇಕಿಲ್ಲ. ಅವನ ಕೈಯಲ್ಲಿರುವುದು ಒಳಗಿನ ಉಪಾಯಗಳು. ಸ್ಲ್ಯಾಬಿನಿಂದ ಒಂದು ಗೇಣು ಕೆಳಗೆ ದಪ್ಪ ಹತ್ತಿ ಬಟ್ಟೆಯ ಚಾಂದನಿಯನ್ನು ಬಿಗಿಯಾಗಿ ಕಟ್ಟಿದರೆ ನಡುವೆ ನಿಂತ ಗಾಳಿಯೇ ಒಂದು ಪದರವಾಗಿ ಸೋರಿಕೆ ತಗ್ಗಿಸುತ್ತದೆ. ಕಾಯಿಲ್ ಹೀಟರಿನ ಕಿಡಿ ಮುಟ್ಟದ ದೂರದಲ್ಲಿರಬೇಕು, ಇಲ್ಲದಿದ್ದರೆ ಉಳಿತಾಯಕ್ಕೆ ಹೋಗಿ ಬೆಂಕಿ ತಂದುಕೊಂಡಂತಾದೀತು. ನೆಲಕ್ಕೆ ದರಿ, ಹೊರಗೋಡೆಗೆ ತಾಗಿದ ಮಂಚವನ್ನು ಒಳಗೋಡೆಗೆ ಸರಿಸುವುದು, ಆ ಹೊರಗೋಡೆಗೆ ಪುಸ್ತಕದ ಕಪಾಟು ನಿಲ್ಲಿಸುವುದು, ಇವಕ್ಕೆ ಮಾಲೀಕನ ಅಪ್ಪಣೆ ಬೇಡ. ಚಳಿ ಎಂಬುದು ಗಾಳಿಯ ಉಷ್ಣತೆಯೊಂದೇ ಎಂದು ತಿಳಿಯುವುದೂ ಇಲ್ಲೇ ತಪ್ಪಾಗುವುದು. ಮೈಗೆ ತಟ್ಟುವ ಚಳಿ ಗಾಳಿಯದು ಅರ್ಧ, ಸುತ್ತಲಿನ ಗೋಡೆಗಳದು ಅರ್ಧ. ಗಾಳಿ 22 ಡಿಗ್ರಿ ಇದ್ದರೂ ಗೋಡೆ 12 ಇದ್ದರೆ ಅದರ ಪಕ್ಕ ಕೂತವನಿಗೆ 17ರ ಅನುಭವವೇ ಆಗುತ್ತದೆ.

ಇಡೀ ದಿನ ಸಣ್ಣಗೆ ಹಚ್ಚಿಟ್ಟರೆ ಅಗ್ಗ, ಆರಿಸಿ ಹಚ್ಚಿದರೆ ದುಬಾರಿ ಎಂಬ ಮಾತು ಇನ್ನೊಂದು ಹಟಮಾರಿ ನಂಬಿಕೆ. ತಣ್ಣಗಾದ ಕೋಣೆಯನ್ನು ಮತ್ತೆ ಕಾಯಿಸಲು ಹೆಚ್ಚು ಕರೆಂಟ್ ಬೇಕೆಂಬುದು ಅದರ ಆಧಾರ. ಹೊರಗೆ ಸೋರುವ ಶಾಖ ಒಳಹೊರಗಿನ ಉಷ್ಣತೆಯ ಅಂತರಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಮನೆ ಖಾಲಿಯಿದ್ದಾಗ ತಣ್ಣಗಾಗಲು ಬಿಟ್ಟರೆ ಆ ಹೊತ್ತಿನ ಸೋರಿಕೆ ಕಡಿಮೆ. ಸಂಜೆ ಮತ್ತೆ ಕಾಯಿಸಲು ಬೇಕಾದದ್ದು ಅಷ್ಟರಲ್ಲಿ ಸೋರಿಹೋದದ್ದು ಮಾತ್ರ. ಯಾರೂ ಇಲ್ಲದ ಕೋಣೆಯನ್ನು ಹನ್ನೆರಡು ಗಂಟೆ ಬೆಚ್ಚಗಿಟ್ಟು ಹಣ ಉಳಿಸಿದವರು ಈವರೆಗೆ ಹುಟ್ಟಿಲ್ಲ.

ಇನ್ನು ಅತಿ ಅಗ್ಗವೆಂದು ಹೆಸರಾದ ಇದ್ದಿಲು. ಉತ್ತರದ ಅಂಗೀಠಿ, ನಮ್ಮ ಅಗ್ಗಿಷ್ಟಿಕೆ, ಹೆಸರು ಯಾವುದಾದರೂ ಮುಚ್ಚಿದ ಕೋಣೆಯಲ್ಲಿ ಅದು ಕೊಲ್ಲುವ ವಸ್ತು. ಹೊಗೆ ಕಾಣದಷ್ಟು ಕೆಂಡವಾದ ಮೇಲೆ ಒಳಗೆ ತಂದರೆ ಅಪಾಯವಿಲ್ಲ ಎನ್ನುವವರ ಅಜ್ಞಾನಕ್ಕೆ ಪ್ರತಿ ಚಳಿಗಾಲ ಉತ್ತರ ಭಾರತದಲ್ಲಿ ಇಡೀ ಕುಟುಂಬಗಳು ನಿದ್ದೆಯಲ್ಲೇ ಬೆಲೆ ತೆರುತ್ತವೆ. ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಟ್ಟುತ್ತದೆ, ಮಲಗಿದವರನ್ನು ಎಬ್ಬಿಸುತ್ತದೆ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಮಂಪರನ್ನು ನಿದ್ದೆಯೆಂದು ತಿಳಿದವರು ಏಳುವುದಿಲ್ಲ. ಬೆಂಗಳೂರಿನ ಮುಚ್ಚಿದ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರಿನಿಂದ ಆಗುವ ಸಾವುಗಳ ಹಿಂದಿರುವುದೂ ಇದೇ ಅನಿಲ. ಕಿಟಕಿ ತೆರೆದಿಟ್ಟು ಇದ್ದಿಲು ಉರಿಸಬಹುದಲ್ಲ ಎಂದರೆ, ತೆರೆದ ಕಿಟಕಿಯಲ್ಲಿ ಶಾಖವೂ ಹೋಗುತ್ತದೆ. ಜೀವ ಉಳಿಸಿಕೊಂಡರೆ ಅಗ್ಗತನ ಉಳಿಯುವುದಿಲ್ಲ, ಅಗ್ಗತನ ಉಳಿಸಿಕೊಂಡರೆ ಜೀವ ಉಳಿಯುವುದಿಲ್ಲ. ಅಂಗಳದಲ್ಲಿ ಕೆಂಡ ಕಾಯಿಸಿಕೊಳ್ಳುವುದು ಸುಖದ ಸಂಗತಿ. ಕೋಣೆಯೊಳಗೆ ಅದಕ್ಕೆ ಜಾಗವಿಲ್ಲ.

ಅಡುಗೆ ಅನಿಲದ ಹೀಟರ್ ಇದ್ದಿಲಿನಷ್ಟು ಕ್ರೂರವಲ್ಲ, ಆದರೆ ಅದಕ್ಕೂ ಹೊಗೆಕೊಳವೆ ಇಲ್ಲದಿದ್ದರೆ ಇದೇ ಅಪಾಯ. ಇನ್ನೊಂದು ತೊಡಕೂ ಇದೆ: ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅದು ತಣ್ಣನೆ ಗೋಡೆಯ ಮೇಲೆ ಬೆವರಾಗಿ ಇಳಿದು, ಮಾರ್ಚ್ ಹೊತ್ತಿಗೆ ಕಪಾಟಿನ ಹಿಂದೆ ಕಪ್ಪು ಬೂಸಲಾಗುತ್ತದೆ.

ಯಂತ್ರ ಕೊಳ್ಳಲೇಬೇಕೆಂದರೆ ಕೊಳ್ಳಬಹುದಾದ ಒಂದು ಯಂತ್ರವಿದೆ, ತಮಾಷೆಯೆಂದರೆ ಜನ ಅದನ್ನೇ ದುಬಾರಿಯೆಂದು ದೂರವಿಡುತ್ತಾರೆ. ಬಿಸಿ, ತಂಪು ಎರಡನ್ನೂ ಕೊಡುವ ಏರ್ ಕಂಡೀಷನರ್ ಚಳಿಗಾಲದಲ್ಲಿ ಶಾಖವನ್ನು ತಯಾರಿಸುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ಒಳಗೆ ಹಾಕುತ್ತದೆ. ಹೊರಗೆ 7 ಡಿಗ್ರಿ ಇರುವಾಗ ಒಳ್ಳೆಯ ಇನ್ವರ್ಟರ್ ಯಂತ್ರವೊಂದು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಎಣ್ಣೆಯ ಹೀಟರ್ ಕೊಡುವುದು ಒಂದೇ. ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ 2021ರ ಜನವರಿ 1ರಂದು ಉಷ್ಣತೆ 1.1 ಡಿಗ್ರಿಗೆ ಇಳಿದಿತ್ತು. ಅಂಥ ಬೆಳಗು ಅಲ್ಲಿ ಅಪರೂಪ, ಅಂಥ ಬೆಳಗಿನಲ್ಲೂ ಈ ಯಂತ್ರ ಹೀಟರಿಗಿಂತ ಅಗ್ಗವಾಗಿಯೇ ನಡೆಯುತ್ತದೆ. ಬೇಸಿಗೆಗೆಂದು ಹೇಗೂ ಏಸಿ ಕೊಳ್ಳುವವರು ತಂಪಿನದಷ್ಟೇ ಕೊಂಡು, ಚಳಿಗೆ ಪ್ರತ್ಯೇಕ ಹೀಟರ್ ಕೊಳ್ಳುವುದು ಎರಡು ಕಡೆ ನಷ್ಟ. ಬರ್ಸಾತಿಯ ಹುಡುಗನಿಗೆ ಈ ಸಲಹೆ ಉಪಯೋಗವಿಲ್ಲ, ನಿಜ.

ಅವನಿಗೆ ಉಪಯೋಗವಾಗುವುದು ಬಡವರು ಎಂದಿನಿಂದಲೂ ಅರಿತಿರುವ ದಾರಿ: ಕೋಣೆಯನ್ನು ಬಿಟ್ಟು ಮೈಯನ್ನು ಬೆಚ್ಚಗಿಡುವುದು. ಎರಡು ಸಾವಿರ ವಾಟಿನ ಹೀಟರ್ ಎಂಟು ಗಂಟೆ ಬಿಡದೆ ಓಡಿದರೆ 16 ಯೂನಿಟ್. ಹಾಸಿಗೆಯ ಮೇಲೆ ಹರಡುವ ನೂರು ವಾಟಿನ ವಿದ್ಯುತ್ ಹೊದಿಕೆ ಅಷ್ಟೇ ಹೊತ್ತಿಗೆ ಒಂದು ಯೂನಿಟ್ಟನ್ನೂ ತಿನ್ನುವುದಿಲ್ಲ. ಕಾಶ್ಮೀರಿಗಳು ಫೆರನ್ನಿನೊಳಗೆ ಹಿಡಿದು ಕೂರುವ ಕಾಂಗಡಿ, ಬೆತ್ತದ ಬುಟ್ಟಿಯಲ್ಲಿಟ್ಟ ಮಣ್ಣಿನ ಕೆಂಡದ ಕುಡಿಕೆ, ಇದೇ ತತ್ವದ್ದು. ಅದರಿಂದ ಹೊಟ್ಟೆ, ತೊಡೆಯ ಚರ್ಮಕ್ಕೆ ಆಗುವ ಸುಟ್ಟಗಾಯ, ಕ್ಯಾನ್ಸರುಗಳನ್ನು ವೈದ್ಯರು ನೂರು ವರ್ಷದಿಂದ ದಾಖಲಿಸುತ್ತಿರುವುದರಿಂದ ಅದನ್ನು ಹಾಡಿಹೊಗಳುವುದೂ ಬೇಡ. ಹತ್ತಿ ರಜಾಯಿಗೆ ಆ ದೋಷವಿಲ್ಲ. ಕಾಯಿಲ್ ಹೀಟರಿಗೂ ಇಲ್ಲಿ ನ್ಯಾಯ ಸಲ್ಲಬೇಕು. ಅದರ ಶಾಖದ ದೊಡ್ಡ ಪಾಲು ನೇರವಾಗಿ ಎದುರಿನ ಮೈಗೆ ಬೀಳುತ್ತದೆ, ಆದ್ದರಿಂದ ಮೇಜಿನ ಕೆಳಗೆ ಐನೂರು ವಾಟಿನ ಒಂದು ಕಾಯಿಲ್ ಇಡೀ ಕೋಣೆಯನ್ನು ಕಾಯಿಸುವ ಯಾವ ದುಬಾರಿ ಹೀಟರಿಗಿಂತ ಓದುವವನಿಗೆ ಹೆಚ್ಚು ಉಪಕಾರಿ.

ಶಾಖ ಹಿಡಿದಿಡುವ ಮನೆ ಶ್ರೀಮಂತ ದೇಶಗಳ ಶೋಕಿ, ನಮ್ಮಂಥವರಿಗಲ್ಲ ಎಂಬುದು ಕೊನೆಯ ವಾದ. ಇದಕ್ಕೆ ಉತ್ತರ ಯುರೋಪಿನಲ್ಲಿ ಹುಡುಕಬೇಕಿಲ್ಲ, ಲಡಾಖಿನಲ್ಲಿದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಚಳಿಗಾಲದ ರಾತ್ರಿ ಸೊನ್ನೆಯ ಕೆಳಗೆ 20 ಡಿಗ್ರಿಗೂ ಇಳಿಯುತ್ತದೆ. ಸೌದೆ ಇಲ್ಲ, ಸೆಗಣಿ ಸಾಲದು, ಸೀಮೆಎಣ್ಣೆ ದೂರದಿಂದ ಬರಬೇಕು. ಇರುವುದು ಬಿಸಿಲು ಮತ್ತು ಮಣ್ಣು. ಲೇಹ್ ಬಳಿಯ ಫೇ ಎಂಬಲ್ಲಿ ಸೋನಂ ವಾಂಗ್‌ಚುಕ್ ಮತ್ತು ಗೆಳೆಯರು ಕಟ್ಟಿದ ಸೆಕ್ಮೋಲ್ ಶಾಲೆಯ ಆವರಣ ಅವೆರಡರಿಂದಲೇ ಎದ್ದಿದೆ. ದಪ್ಪ ಮಣ್ಣಿನ ಗೋಡೆ, ದಕ್ಷಿಣಕ್ಕೆ ಗಾಜು, ಉತ್ತರಕ್ಕೆ ಗುಡ್ಡದ ಒತ್ತು. ಬುಖಾರಿ ಒಲೆ ಹಚ್ಚದೆಯೇ ಮಕ್ಕಳು ಅಲ್ಲಿ ಚಳಿಗಾಲ ಕಳೆಯುತ್ತಾರೆ. ‘ತ್ರೀ ಈಡಿಯಟ್ಸ್’ ಚಿತ್ರದಲ್ಲಿ ಕಂಡು ಹೆಸರಾದ ಶೇ ಊರಿನ ಶಾಲೆಯಲ್ಲಿ ಟ್ರೋಂಬ್ ಗೋಡೆಗಳಿವೆ: ದಕ್ಷಿಣದ ಗೋಡೆಗೆ ಕಪ್ಪು ಬಣ್ಣ, ಅದರ ಮುಂದೆ ಒಂದು ಗೇಣು ಬಿಟ್ಟು ಗಾಜು. ಹಗಲಿನ ಬಿಸಿಲು ಕಪ್ಪು ಗೋಡೆಗೆ ಇಳಿಯುತ್ತದೆ. ಒಂದಡಿ ದಪ್ಪದ ಗೋಡೆಯನ್ನು ದಾಟಲು ಆ ಶಾಖಕ್ಕೆ ಎಂಟು ಹತ್ತು ಗಂಟೆ ಬೇಕು, ಒಳಗೆ ಬಂದು ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಫ್ರಾನ್ಸಿನ ಫೆಲಿಕ್ಸ್ ಟ್ರೋಂಬ್ 1960ರ ದಶಕದಲ್ಲಿ ಹೆಸರು ಮಾಡಿಸಿದ ಈ ಉಪಾಯಕ್ಕೆ ಅಮೆರಿಕದ ಎಡ್ವರ್ಡ್ ಮೋರ್ಸ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಬಯಲಿನ ಡಿಸೆಂಬರಿನಲ್ಲಿ ಮಂಜು ಬಿಸಿಲನ್ನು ನುಂಗುವುದರಿಂದ ದೆಹಲಿಗೆ ಇದನ್ನು ಹಾಗೆಯೇ ತರಲಾಗದು. ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಾಗಿ ಸಾಗುತ್ತಾನೆ, ಬೇಸಿಗೆಯವನು ನೆತ್ತಿಯ ಮೇಲೆ. ಆದ್ದರಿಂದ ದಕ್ಷಿಣದ ಕಿಟಕಿಗೆ ಒಂದು ಸಣ್ಣ ಸಜ್ಜೆ ಇದ್ದರೆ ಚಳಿಯ ಬಿಸಿಲು ಒಳಬಂದು, ಸೆಕೆಯದು ಹೊರಗುಳಿಯುತ್ತದೆ ಎಂಬ ಮಾತು ಮಾತ್ರ ದೆಹಲಿಗೂ ನಿಜ, ಬೀದರಿಗೂ ನಿಜ.

ಬೀದರ್, ಕಲಬುರಗಿ, ವಿಜಯಪುರಗಳಲ್ಲಿ ಡಿಸೆಂಬರ್ ಜನವರಿಯ ಕೆಲವು ಬೆಳಗುಗಳು 10 ಡಿಗ್ರಿಯ ಕೆಳಗೆ ಇಳಿಯುತ್ತವೆ, ಮಧ್ಯಾಹ್ನ ಬಿಸಿಲು ಬಂದೇ ಬರುತ್ತದೆ. ಅಲ್ಲಿ ಹೀಟರ್ ಮಾರಾಟವಾಗುವುದು ಎರಡು ವಾರದ ಗಾಬರಿಗೆ. ಬೆಂಗಳೂರಿನದು ಇನ್ನೂ ಸೋಜಿಗ. ಈ ಊರಿನ ದಾಖಲೆಯ ಕನಿಷ್ಠ ಉಷ್ಣತೆ 1884ರ ಜನವರಿ 13ರಂದು ಕಂಡ 7.8 ಡಿಗ್ರಿ, ಆ ದಾಖಲೆ ಇನ್ನೂ ಮುರಿದಿಲ್ಲ. ಸಾಮಾನ್ಯ ಜನವರಿ ರಾತ್ರಿ 15 ಡಿಗ್ರಿಯ ಆಸುಪಾಸು. ಅಂಥ ಊರಿನಲ್ಲಿ ಹೀಟರ್ ಬೇಕೆನ್ನಿಸಿದರೆ ಅದು ಚಾವಣಿಯ ಮೇಲಿನ ದೂರು, ಹವೆಯ ಮೇಲಿನದಲ್ಲ.

ಚಾವಣಿಯ ಬಗ್ಗೆ ದೇಶದಲ್ಲಿ ನಿಯಮವೇ ಇಲ್ಲವೆಂದಲ್ಲ. ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಹೊರಡಿಸಿದ ಇಕೋ ನಿವಾಸ್ ಸಂಹಿತಾ ವಾಸದ ಮನೆಗಳ ಚಾವಣಿಯಿಂದ ಸೋರುವ ಶಾಖಕ್ಕೆ ಮಿತಿ ಹಾಕಿದೆ: ಒಂದು ಚದರ ಮೀಟರಿಗೆ, ಒಂದು ಡಿಗ್ರಿ ಅಂತರಕ್ಕೆ, 1.2 ವಾಟ್. ಬರಿಯ ಕಾಂಕ್ರೀಟ್ ಸ್ಲ್ಯಾಬಿನ ಅಂಕಿ 3ಕ್ಕೂ ಮೇಲೆ. ಸಂಹಿತೆ ಆಯಾ ರಾಜ್ಯ, ಆಯಾ ನಗರಸಭೆ ತನ್ನ ಕಟ್ಟಡ ನಿಯಮಗಳಲ್ಲಿ ಸೇರಿಸಿಕೊಂಡಾಗಲಷ್ಟೇ ಜಾರಿಗೆ ಬರುತ್ತದೆ. ಸೇರಿಸಿಕೊಂಡರೂ ಅದು ಅನ್ವಯಿಸುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಅದಕ್ಕಿಂತ ಕೆಳಗಿನದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದು. ಬೆಂಗಳೂರಿನ ಮೂವತ್ತು ನಲವತ್ತರ ಸೈಟು 111 ಚದರ ಮೀಟರ್. ಬರ್ಸಾತಿಗಳು ಎದ್ದಿರುವ ದೆಹಲಿಯ ಗಲ್ಲಿಗಳ ಮನೆಗಳೂ ಇಂಥವೇ. ಮನೆ ಕಟ್ಟಲು ಪರವಾನಗಿ ಕೊಡುವ ಕಚೇರಿಗಳು ಪಾರ್ಕಿಂಗ್ ಕೇಳುತ್ತವೆ, ಮಳೆನೀರು ಕೊಯ್ಲು ಕೇಳುತ್ತವೆ. ಚಾವಣಿಯ ಮೇಲೆ ಏನು ಹಾಸಲಾಗುತ್ತದೆ ಎಂಬ ಪ್ರಶ್ನೆಯನ್ನೂ ಸಣ್ಣ ಸೈಟಿನ ನಕ್ಷೆಗೆ ಸೇರಿಸಿ ಕೇಳಲಿ. ಹಲಗೆಯ ಖರ್ಚು ಕಟ್ಟಿಸುವವನಿಗೆ ಒಂದೇ ಸಲ ಬರುತ್ತದೆ. ಹಾಸದೆ ಬಿಟ್ಟ ಚಾವಣಿಯ ಖರ್ಚು ಅದರ ಕೆಳಗಿನ ಬಾಡಿಗೆದಾರನಿಗೆ ಪ್ರತಿ ಜನವರಿ ಬರುತ್ತದೆ.